ಮೊಳೆಗೆ ನೇತುಹಾಕಿದ ಲೋಟಗಳು

ಕಾವಲುಗಾರ ಅತ್ತ ತಿರುಗಿದ್ದೇ ತಡ, ಸಮೀಕ್ಷೆಯವಳು ಗೇಟಿನ ಪಕ್ಕದ ಗೋಡೆಗೆ ನೇತುಹಾಕಿದ್ದ, ಹಿಡಿಯಿರುವ ಚಹಾ ಲೋಟಗಳನ್ನು ಎಣಿಸತೊಡಗಿದಳು. ಕೆಲಸಗಾರರಿಗೆ ತಲೆಗೊಂದು ಲೋಟ, ಲೋಟಕ್ಕೊಂದು ಮೊಳೆ. ಬ್ರಷ್ ತಯಾರಿಸುವ ಈ ಖಾಸಗಿ ಕಂಪನಿಯಲ್ಲಿ ಎಷ್ಟು ಜನರಿದ್ದಾರೆಂದು ಯಾವ ವರದಿಯೂ ಹೇಳುತ್ತಿರಲಿಲ್ಲ. ಅದನ್ನು ಕೊಳ್ಳಲು ಹೊರಟು ಇವಳನ್ನು ಕಳಿಸಿದವರಿಗೋ ಸಂಜೆಯೊಳಗೆ ಉತ್ತರ ಬೇಕಿತ್ತು. ಮಾಲೀಕರು ಫೋನ್ ಎತ್ತುತ್ತಿರಲಿಲ್ಲ. ಈ ಮುದುಕ ಕಾವಲುಗಾರ ಬೆಳಗಿನಿಂದ ಜಪ್ಪಯ್ಯ ಎಂದರೂ ಬಾಯಿ ಬಿಟ್ಟಿರಲಿಲ್ಲ.

"ಇಪ್ಪತ್ತು ವರ್ಷ ಇವರ ಉಪ್ಪು ತಿಂದಿದೀನಮ್ಮ. ಒಳಗಿನ ವಿಷಯ ನನ್ನ ಬಾಯಿಂದ ಬರಲ್ಲ," ಎಂದಷ್ಟೇ ಹೇಳಿದ್ದ.

ಎಲ್ಲ ಲೋಟಗಳಿಂದಲೂ ಆಗಷ್ಟೇ ತೊಳೆದ ನೀರು ತೊಟ್ಟಿಕ್ಕುತ್ತಿತ್ತು. ಕೊನೆಯ ನೀಲಿ ಲೋಟ ಮಾತ್ರ ಒಣಗಿತ್ತು. ಯಾರೋ ಕೆಲಸ ಬಿಟ್ಟವರದ್ದಿರಬೇಕೆಂದು ಅದನ್ನು ಕೈಬಿಟ್ಟು, ಪುಸ್ತಕದಲ್ಲಿ ಮೂವತ್ತೇಳು ಎಂದು ಬರೆದಳು.

ತಲೆಯೆತ್ತಿದರೆ ಕಾವಲುಗಾರ ಹಿಂದೆಯೇ ನಿಂತಿದ್ದ. ಪುಸ್ತಕ ಕಿತ್ತುಕೊಳ್ಳುತ್ತಾನೆಂದೇ ಅವಳು ಹೆದರಿದಳು. ಅವನು ಅವಳು ಬರೆದದ್ದನ್ನು ನೋಡಿದ, ನೀಲಿ ಲೋಟವನ್ನು ನೋಡಿದ, ಒಳಗಿನಿಂದ ಯಾರೂ ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡ.

"ಮೂವತ್ತೆಂಟು ಅಂತ ಬರಿಯಮ್ಮ," ಎಂದ, ದನಿ ತಗ್ಗಿಸಿ. "ನೀಲಿ ಲೋಟದವಳು ಆಸ್ಪತ್ರೇಲಿದಾಳೆ. ವಾಪಸ್ ಬರ್ತಾಳೆ."