ಎರಡೇ ಎರಡು ಮಾತ್ರೆ

"ಇದೂ ನಾಟಲ್ಲ" ಅಂತ ತುರ್ತು ವಾರ್ಡಿನ ಡಾಕ್ಟರಮ್ಮ ಮೆಡಿಕಲ್ ಶಾಪಿನವನ ಮಗಳ ಮೂತ್ರಪರೀಕ್ಷೆಯ ವರದಿಯಲ್ಲಿ ಏಳನೇ ಔಷಧದ ಮೇಲೂ ಗೀಟೆಳೆದಾಗ, ಅವನ ಕೈ ತಾನಾಗೇ ಜೇಬಿನಲ್ಲಿದ್ದ ಕತ್ತರಿಯ ಮೇಲೆ ಹೋಯಿತು. ಏಳೂ ಅವನ ಅಂಗಡಿಯಲ್ಲಿ ಇದ್ದಂಥವೇ.

"ಸೋಂಕು ಕಿಡ್ನಿಗೇ ಏರಿದೆ. ಇವನ್ನೆಲ್ಲ ಮೊದಲೇ ತಗೊಂಡಿದ್ದಾಳಾ?"

"ಉರಿಮೂತ್ರ ಅಂದಾಗೆಲ್ಲ ಒಂದೊಂದು ಥರದ್ದು ಕೊಟ್ಟಿದ್ದೆ ಡಾಕ್ಟ್ರೇ. ಎರಡೇ ಎರಡು ಮಾತ್ರೆ. ಜಾಸ್ತಿ ಕೊಟ್ಟೋನೇ ಅಲ್ಲ." ಹದಿನೆಂಟು ವರ್ಷದಿಂದ ಇಡೀ ಬೀದಿಗೆ ಅವನು ಹೀಗೇ ಸ್ಟ್ರಿಪ್ಪನ್ನು ಎರಡೆರಡಾಗಿ ಕತ್ತರಿಸಿ ಕೊಟ್ಟಿದ್ದ. ಕೈಗುಣ ಒಳ್ಳೇದು ಅಂತ ಹೆಸರೂ ಬಂದಿತ್ತು.

"ಅದೇ ಆಗಿದ್ದು. ಎರಡಕ್ಕೆ ಉರಿ ಇಳೀತು, ಕ್ರಿಮಿ ಸಾಯ್ಲಿಲ್ಲ. ಔಷಧಾನೇ ಅರಗಿಸ್ಕೊಳ್ಳೋದು ಕಲೀತು."

ಮಗಳ ಹಲ್ಲು ಚಳಿಗೆ ಕಟಕಟ ಅನ್ನುತ್ತಿತ್ತು. ನೋಡಲಾಗದೆ ಅವನು ಮುಖ ತಿರುಗಿಸಿದ. ಪಕ್ಕದ ಮಂಚದಲ್ಲಿ ಸೊಂಟ ಹಿಡಿದುಕೊಂಡು ಮುಲುಗುತ್ತಿದ್ದವಳು ಅವನ ಎದುರುಮನೆಯ ಟೈಲರಮ್ಮ. ಅವನನ್ನು ಕಂಡದ್ದೇ ಅವಳ ಮುಖ ಅರಳಿತು.

"ಅಣ್ಣಾ, ದೇವರ ಹಾಗೆ ಬಂದ್ರಿ! ಇವರ ಇಂಜೆಕ್ಷನ್ ಒಂದೂ ನಾಟ್ತಿಲ್ಲ. ನಿಮ್ಮ ಆ ಎರಡು ಮಾತ್ರೆ ಇದ್ರೆ ಕೊಡಿ."