ಅಕ್ಕಾ ಛಾಪ್

“ಹೀಚ ತೀ! ಹೀಚ ತೀ ಅಕ್ಕಾ!” ಇವಳೇ ಅವಳು, ಇವಳೇ ಆ ಅಕ್ಕ ಎಂದು ಯಾರೋ ಮರಾಠಿಯಲ್ಲಿ ಕಿರುಚಿದರು.

ಪುಣೆಯ ತರಕಾರಿ ಪೇಟೆ ಮಂಡಯಿಯಲ್ಲಿ ಬದನೆಕಾಯಿ ಆರಿಸುತ್ತಿದ್ದ ಭೀಮವ್ವ ತಿರುಗಿ ನೋಡುವಷ್ಟರಲ್ಲಿ ಗುರುತು ಪರಿಚಯವಿಲ್ಲದ ಒಬ್ಬ ಹೆಂಗಸು ಅವಳ ಸೆರಗನ್ನೇ ಹಿಡಿದಿದ್ದಳು. ಇನ್ನೊಂದು ಕೈಯಲ್ಲಿ ಅಕ್ಕಾ ಛಾಪ್ ಖಾರಪುಡಿಯ ಪೊಟ್ಟಣ. ಪೊಟ್ಟಣದ ಮೇಲೆ ಭೀಮವ್ವನದೇ ಚಿತ್ರ: ಹಣೆತುಂಬ ವಿಭೂತಿ, ಮೂಗುತಿ, ಗದ್ದದ ಮೇಲೆ ಕಡಲೆಬೇಳೆಯಷ್ಟು ಮಚ್ಚೆ. ನಾನವಳಲ್ಲ ಎನ್ನುವ ಹಾಗೇ ಇರಲಿಲ್ಲ.

“ಮಗಳ ಮದುವೆ ಊಟಕ್ಕೆ ನಿನ್ನ ಮುಖ ನಂಬಿ ಈ ಪುಡಿ ಹಾಕಿದೆ. ಬೀಗರು ಎಲೆಯ ಮುಂದೆಯೇ ಥೂ ಅಂತ ಉಗಿದರು. ಇಟ್ಟಂಗಿ ಪುಡಿ ಕಲಸಿ ಮಾರ್ತೀಯಲ್ಲ, ನಾಚಿಕೆ ಆಗೋದಿಲ್ಲವೇ?” ಹೆಂಗಸಿನ ಕಣ್ಣಲ್ಲಿ ನೀರು ಬಂದಿತ್ತು.

ಗಂಡ ಹೊಳಬಸಪ್ಪ ಕೈಚೀಲ ಕೆಳಗಿಟ್ಟು ನಡುವೆ ಬಂದ. ತನಗೆ ಬಂದಷ್ಟು ಮರಾಠಿಯಲ್ಲಿ, ತಾಯೀ, ಇದು ನಮ್ಮ ಮಾಲಲ್ಲ, ಯಾರೋ ಕಳ್ಳರು ಮಾಡಿದ ನಕಲು ಎಂದ.

“ನಕಲಾ? ಹಾಗಾದರೆ ಈ ಮುಖ ಯಾರದು?”

“ಮುಖ... ಮುಖ ಇವಳದೇ.”

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಪಾಪ, ನಿಜ ಹೇಳಿದಷ್ಟೂ ಅವನೇ ಸಿಕ್ಕಿಬೀಳುತ್ತಿದ್ದ.

ಭೀಮವ್ವ ಒಂದು ಚಿಟಿಕೆ ಪುಡಿ ನಾಲಿಗೆಗಿಟ್ಟಳು. ಕರಕರ ಎಂದಿತು. ಬ್ಯಾಡಗಿ ಮೆಣಸಿನಕಾಯಿ ತರಿಸಿ, ತೊಟ್ಟು ಬಿಡಿಸಿ, ಬಿಸಿಲಿಗೆ ಹಾಕಿ, ಕಣ್ಣು ಮೂಗು ಉರಿಸಿಕೊಂಡು ಕುಟ್ಟಿಸಿ ಅಕ್ಕಾ ಛಾಪ್ ಎಂದು ಮಾರುವ ಅವಳ ಖಾರಕ್ಕೂ ಈ ಮಣ್ಣಿಗೂ ಒಂದೇ ಮುಖ!

“ಯಾವ ಊರವ್ವಾ ನಿಂದು?” ಎಂದು ಮೆಲ್ಲಗೆ ಕೇಳಿದಳು.

“ಬಾರಾಮತಿ.”

ಭೀಮವ್ವ ಬಾರಾಮತಿ ಕಂಡವಳಲ್ಲ. ಧಾರವಾಡದಿಂದ ಬಂದು ಈ ಪೇಟೆ ಸೇರಿದ ಮೇಲೆ ಊರಂಚಿನ ಸ್ವಾರಗೇಟ ದಾಟಿದ್ದೇ ಅಪರೂಪ. ಆದರೆ ಅವಳ ಮುಖ ಅವಳಿಗೆ ಹೇಳದೆ ಕೇಳದೆ ಬಾರಾಮತಿಗೆ ಹೋಗಿ, ಯಾರದೋ ಅಡಿಗೆಮನೆಯ ಮಾಡದಲ್ಲಿ ಕೂತಿತ್ತು. ಅದೊಂದನ್ನು ನೋಡಿಯೇ ಒಬ್ಬ ತಾಯಿ ಪೊಟ್ಟಣ ಬಿಚ್ಚಿ ಮೂಸದೆ ಮಗಳ ಮದುವೆಗೆ ಖಾರ ಕೊಂಡಿದ್ದಳು. ಇಂಥ ನಂಬಿಕೆಯನ್ನು ಜನ ದೇವರ ಮೇಲಾದರೂ ಇಡುತ್ತಾರೋ ಇಲ್ಲವೋ! ಭೀಮವ್ವ ಹೆಂಗಸಿನ ಕೈಯಿಂದ ಪೊಟ್ಟಣ ಇಸಿದುಕೊಂಡು, ತರಕಾರಿಯನ್ನು ಅಲ್ಲೇ ಬಿಟ್ಟು, ಗಂಡನನ್ನು ಕರೆದುಕೊಂಡು ನೆಟ್ಟಗೆ ದಿಗಂಬರರಾಯರ ಮನೆಗೆ ನಡೆದಳು.

ರಾಯರು ವಕೀಲರು, ಧಾರವಾಡದ ಕಡೆಯವರೇ. ಪೊಟ್ಟಣ ನೋಡುತ್ತಲೇ ಹೊಳಬಸಪ್ಪನ ಮೇಲೆ ಹರಿಹಾಯ್ದರು. “ಹೊಸಾ ಕಾಯ್ದೆ ಬಂದದ, ಛಾಪು ಮುಂಬಯಿಯೊಳಗ ನೋಂದಣಿ ಮಾಡಸ್ರಿ ಅಂತ ಬಡಕೊಂಡೆ. ಆವಾಗ ಏನಂದ್ರಿ?”

ಹೊಳಬಸಪ್ಪ ತಲೆ ತಗ್ಗಿಸಿದ. “ನನ್ನ ಹೇಂತಿ ಮಾರಿ ನಮ್ಮದು ಅಂತ ಸರಕಾರ ಹೇಳಬೇಕೇನ್ರಿ, ಅಂದಿದ್ದೆ.”

“ಈಗ ಕೇಳ್ರಿ. ಈ ಕಳ್ಳ ನಿಮಗಿಂತ ಮೊದಲ ಅರ್ಜಿ ಹಾಕ್ಯಾನ. ಸರಕಾರದ ಪತ್ರಿಕೆಯೊಳಗ ಛಾಪಿಸಿ ಬಂದದ, ನಿನ್ನೇನ ನೋಡಿದೆ. ಯಾರೂ ತಕರಾರು ಮಾಡಲಿಲ್ಲಂದ್ರ ಛಾಪು ಅವನ ಹೆಸರಿಗೆ ಆಗ್ತದ. ಆಮ್ಯಾಲೆ ಈ ಮಾರಿ ಹಚ್ಚಿ ನೀವು ಖಾರ ಮಾರಿದ್ರ, ಅವ ನಿಮ್ಮನ್ನ ಕೋರ್ಟಿಗೆ ಎಳೀತಾನ.”

“ಅಲ್ರೀ ರಾಯರ,” ಅಲ್ಲಿಯತನಕ ಬಾಗಿಲ ಬಳಿ ನಿಂತಿದ್ದ ಭೀಮವ್ವ ಕೇಳಿದಳು, “ಆ ಮಾರಿ ಯಾರದಂತ ಹೇಳ್ಯಾನ್ರಿ ಅವಾ?”

ರಾಯರು ಕಣ್ಣಿನ ಚಾಳೀಸು ತೆಗೆದು ಒರೆಸತೊಡಗಿದರು. ಹೇಳಲು ಅವರಿಗೇ ಮುಜುಗರ.

“ಯಾರದೂ ಅಲ್ಲಂತ. ಹಿಂಥಾ ಹೆಣಮಗಳು ಎಲ್ಲೂ ಇಲ್ಲ, ತನ್ನ ಕಲ್ಪನಾದಾಗ ಹುಟ್ಟಿಸೇನಿ ಅಂದಾನ.”

ಹೊಳಬಸಪ್ಪ ಹೆಂಡತಿಯ ಮುಖ ನೋಡಿದ. ಇಷ್ಟು ವರ್ಷ ನೋಡಿದ್ದರೂ ಅದು ಇಷ್ಟು ದೊಡ್ಡದೆಂದು ಅವನಿಗೆ ತಿಳಿದಿರಲಿಲ್ಲ. ಭೀಮವ್ವ ಸೆರಗನ್ನು ತಲೆತುಂಬ ಹೊದ್ದು, ಯಾರೂ ಕೂಡ್ರು ಎನ್ನದಿದ್ದರೂ ವಕೀಲರೆದುರಿನ ಕುರ್ಚಿಯಲ್ಲಿ ಗಟ್ಟಿಯಾಗಿ ಕುಳಿತಳು.

“ಮುಂಬಯಿ ಸಾಹೇಬರಿಗೆ ಬರೀರಿ ರಾಯರ,” ಎಂದಳು. “ಎಲ್ಲೂ ಇಲ್ಲದಾಕಿ ಬರಾಕತ್ತಾಳ ಅಂತ.”