ಪೆಂಡ್‌ಲೋ ಮನೆತನದ ಐವರು ಗಂಡುಮಕ್ಕಳು

"ಇದು ಬಾಸ್ಟನ್ನಿಗೆ ಹೋದ್ರೆ ನಮ್ಮ ಕಥೆ ಖಲಾಸ್!"

ಮೇಲ್ವಿಚಾರಕ ಸಾಗರ್ ಕೆಂಪು ಪೆನ್ನನ್ನು ಮೇಜಿನ ಮೇಲೆ ಕುಕ್ಕಿದ. ಲೋಲಾಕ್ಷಿ ಬರೆದ ವಂಶವೃಕ್ಷ ಮೂರನೆಯ ಸಲ ಅವನ ಕೈಯಲ್ಲಿ ಗೀಟು ಹಾಕಿಸಿಕೊಂಡು ವಾಪಸಾಗಿತ್ತು.

ಗಲ್ಫಿನ ಅಲ್ ಖುವೈರ್‌ನ ಆ ಕಚೇರಿಯ ಕಸುಬೇ ಅದು: ಅಮೆರಿಕದ ಹಳೆಯ ಮನೆತನಗಳ ದಾಖಲೆ ತರಿಸಿಕೊಂಡು ವಂಶವೃಕ್ಷ ಬರೆದುಕೊಡುವುದು. ಈಗ ಕೈಯಲ್ಲಿದ್ದವರು ಪೆಂಡ್‌ಲೋಗಳು. ಅಮೆರಿಕ ಇನ್ನೂ ದೇಶವೇ ಆಗಿರದ ಕಾಲಕ್ಕೆ ಹಡಗು ಕಟ್ಟಿ ಮೆರೆದವರು. ಒಬ್ಬ ಗವರ್ನರು, ಇಬ್ಬರು ಪಾದ್ರಿಗಳು, ಊರ ನಡುವೆ ದೊಡ್ಡ ಮನೆ.

ಕೆಲಸ ಕೊಟ್ಟವಳು ಬಾಸ್ಟನ್ನಿನ ಮಿಸೆಸ್ ಕಾರ್ವರ್ ಎಂಬ ಮುದುಕಿ. ಈ ಕೆಲಸಕ್ಕೆ ಅರ್ಜಿ ಹಾಕಿದ ಆರು ಮಂದಿಯನ್ನೂ ಅವಳು ವಿಡಿಯೋ ಕರೆಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ನೀವು ಯಾವ ಮನೆಯವರು? ಲೋಲಾಕ್ಷಿ ಅಮ್ಮನ ತರವಾಡು, ಅಂದರೆ ಮೂಲಮನೆ, ಪಡುಮನೆಯ ಹೆಸರು ಹೇಳಿ ತಡವರಿಸಿದ್ದಳು. ಮುದುಕಿ ಅವಳನ್ನೇ ಆರಿಸಿದಳು. ಯಾಕೆಂದು ಸಾಗರ್‌ಗೆ ಇಂದಿಗೂ ಬಗೆಹರಿದಿರಲಿಲ್ಲ.

ಲೋಲಾಕ್ಷಿಗೆ ಬೇಕಿದ್ದದ್ದು ಕೆಲಸ ಖಾಯಂ ಆಗುವುದು, ಅಷ್ಟೇ. ಗಂಡ ಭೋಜರಾಜನ ಕಂಪನಿ ಮುಚ್ಚಿತ್ತು. ಇವಳ ವೀಸಾವೂ ಹೋದರೆ ಮಗಳು ತೃಪ್ತಿ ಹತ್ತನೆಯ ತರಗತಿ ಅರ್ಧಕ್ಕೆ ಬಿಟ್ಟು ಕಾರ್ಕಳಕ್ಕೆ ಗಂಟುಮೂಟೆ ಕಟ್ಟಬೇಕು.

"ಹೆಸರು ತಪ್ಪುಂಟಾ ಸರ್? ಇಸವಿ ತಪ್ಪುಂಟಾ?"

"ಎರಡೂ ಸರಿ ಇದೆ. ಆದ್ರೆ ಈ ನಥಾನಿಯಲ್‌ಗೆ ಐದು ಜನ ಗಂಡುಮಕ್ಕಳು ಕಣ್ರೀ! ಐವರನ್ನೂ ಅಲ್ಲೇ ನಿಲ್ಲಿಸಿ ಮಗಳ ಹಿಂದೆ ಹೋಗಿದೀರಲ್ಲ?"

"ಮತ್ತೆ? ಗಂಡುಮಕ್ಕಳ ಮಕ್ಕಳು ಅವರ ಅಮ್ಮನ ಮನೆಗೆ ಅಲ್ವಾ ಸೇರುವುದು?"

ಸಾಗರ್ ಹಣೆ ಚಚ್ಚಿಕೊಂಡ. ಅವನು ಮೈಸೂರಿನವನು. ತಾಯಿಯಿಂದಲೇ ಮನೆ, ಸೋದರಮಾವನೇ ಯಜಮಾನ ಎನ್ನುವ ತುಳುನಾಡಿನ ಲೆಕ್ಕ ಅವನ ತಲೆಗೆ ಹತ್ತುವಂಥದ್ದಲ್ಲ. ಲೋಲಾಕ್ಷಿಗೂ ರೇಗಿತು, ಹೆಚ್ಚಾಗಿ ತನ್ನ ಮೇಲೆಯೇ. ತಿದ್ದಲು ಕೂತಾಗಲೆಲ್ಲ ಕೈ ತಾನಾಗಿ ತಾಯಂದಿರ ಹಿಂದೆಯೇ ಹೋಗುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು.

ಕೊನೆಗೆ ಸಾಗರ್ ತಾನೇ ಕೂತ. ಅಪ್ಪ, ಮಗ, ಮೊಮ್ಮಗ. ಅರ್ಧ ದಿನದಲ್ಲಿ ಮುಗಿಸಿ ನಾಲ್ಕು ಗಂಟೆಗೆ ಬಾಸ್ಟನ್ನಿಗೆ ಕಳಿಸಿಯೂ ಬಿಟ್ಟ.

"ನಾಳೆಯಿಂದ ಬರೋದು ಬೇಡ. ಐಡಿ ಕಾರ್ಡ್ ಕೊಟ್ಬಿಡಿ."

"ಮಗಳ ಪರೀಕ್ಷೆ ಮುಗಿಯುವವರೆಗಾದ್ರೂ ಸರ್…"

"ನನ್ನ ಕೈಲಿಲ್ಲ ಮೇಡಂ."

ಲೋಲಾಕ್ಷಿ ಕಾರ್ಡನ್ನು ಮೇಜಿನ ಮೇಲಿಟ್ಟಳು. ಅಳು ಬರಲಿಲ್ಲ, ಸಿಟ್ಟು ಬಂತು. ಮೂರು ತಿಂಗಳು ಸತ್ತವರ ಹೆಸರು ಹುಡುಕಿದ್ದಕ್ಕೆ ಸಿಕ್ಕಿದ್ದು ಕೆಂಪು ಗೀಟು. ಊಟದ ಡಬ್ಬಿ ಚೀಲಕ್ಕೆ ತುರುಕಿ ಎದ್ದಳು.

ಅಷ್ಟರಲ್ಲಿ ಮಿಸೆಸ್ ಕಾರ್ವರ್ ಉತ್ತರ ಬಂತು. ಸಾಗರ್ ನಗುತ್ತಲೇ ತೆರೆದ. ಓದಿದ. ಇನ್ನೊಮ್ಮೆ ಓದಿದ. ಆಮೇಲೆ ಕಾರ್ಡನ್ನು ಅವಳತ್ತ ತಳ್ಳಿ, ಪರದೆಯನ್ನು ಅವಳ ಕಡೆ ತಿರುಗಿಸಿದ.

"ಇದೇ ಮರವನ್ನು ಇಲ್ಲಿಯ ನಾಲ್ಕು ಕಚೇರಿಗಳು ಬರೆದುಕೊಟ್ಟಿವೆ. ಊರ ನಡುವಿನ ಮನೆ ಕಟ್ಟಿಸಿದ ಮಾರ್ಥಾ ಪೆಂಡ್‌ಲೋ ಉಯಿಲಿನಲ್ಲಿ ಅದನ್ನು ಬರೆದಿಟ್ಟದ್ದು ಮಗಳಿಗೆ, ಮಗಳ ಮಗಳಿಗೆ. ಆ ಹೆಣ್ಣುಸಾಲಿನಲ್ಲಿ ನಾನೇ ಕೊನೆಯವಳು. ಮನೆಯ ದಾವೆ ನಡೆದಿದೆ; ನಾನೇ ಹೇಳಿ ಬರೆಸಿದರೆ ಕೋರ್ಟು ಒಪ್ಪದು ಎಂದೇ ಬಾಯಿಬಿಡಲಿಲ್ಲ. ಅಮ್ಮನ ಮನೆಯ ಹೆಸರು ಹೇಳಿದ ಆ ಹೆಂಗಸು ಎಲ್ಲಿ?"